ನಿಮಗಿದು ಗೊತ್ತೆ? ನಾಣ್ಯ ಬಿಟ್ಟು ಪೆಟ್ಟಿಗೆ ಹುಡುಕುವ ಯಂತ್ರ!

ವಿಮಾನಗಳಿಗೆ ರೇಡಿಯೊ ದಿಕ್ಕುಶೋಧಕ ರೂಪಿಸುತ್ತಿದ್ದ ಜರ್ಮನ್ ಮೂಲದ ಎಂಜಿನಿಯರ್ ಗೆರ್ಹಾರ್ಡ್ ಫಿಷರ್‌ಗೆ ಒಂದು ತಲೆನೋವಿತ್ತು: ಲೋಹ, ಅದಿರು ಇರುವೆಡೆ ಉಪಕರಣ ತಪ್ಪು ದಿಕ್ಕು ತೋರಿಸುತ್ತಿತ್ತು. ಆ ದೋಷವನ್ನೇ ಅವರು ಲೋಹಶೋಧಕವಾಗಿಸಿದರು. 1937ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು.

ಈ ಯಂತ್ರದಲ್ಲಿ ಕೋಲಿನ ಒಂದು ತುದಿಯಲ್ಲಿ ಪ್ರೇಷಕ, ಇನ್ನೊಂದು ತುದಿಯಲ್ಲಿ ಗ್ರಾಹಕ. ಅವುಗಳ ತಂತಿ ಸುರುಳಿಗಳು ಪರಸ್ಪರ ಲಂಬವಾಗಿರುವುದರಿಂದ ನೇರ ಸಂಕೇತ ತಲುಪದು. ಕೆಳಗೆ ದೊಡ್ಡ ಲೋಹದ ವಸ್ತುವಿದ್ದರೆ ಮಾತ್ರ ಕಾಂತಕ್ಷೇತ್ರ ಏರುಪೇರಾಗಿ ಸದ್ದು ಕೇಳಿಸುತ್ತದೆ. ಚಿಲ್ಲರೆ ಮೊಳೆ, ನಾಣ್ಯಗಳಿಗೆ ಅದು ಸೊಪ್ಪು ಹಾಕುವುದಿಲ್ಲ!

ಲೋಹ ಹುಡುಕುವ ಹವ್ಯಾಸಿಗಳದು ಅಗ್ಗದ ಉಪಾಯ. ಪಿವಿಸಿ ಪೈಪಿನ ಒಂದು ಮೀಟರ್ ಚೌಕಟ್ಟಿಗೆ ತಾಮ್ರದ ತಂತಿ ಸುತ್ತಿ, ವಿದ್ಯುತ್ ಮಿಡಿತ ಹರಿಸಿ, ಲೋಹದಿಂದ ಮರಳುವ ಕ್ಷೀಣ ಸಂಕೇತ ಹಿಡಿಯುತ್ತಾರೆ.

ಹತ್ತಾರು ಮೀಟರ್ ಆಳದ ನಿಧಿ ತೋರಿಸುವ ಜಾಹೀರಾತುಗಳನ್ನು ಮಾತ್ರ ನಂಬಬೇಡಿ. ಬೆರಳೆಣಿಕೆಯ ಮೀಟರ್‌ಗಿಂತ ಕೆಳಗೆ ಇವುಗಳ ಆಟ ನಡೆಯದು.