ತಲೆ ಅದಲುಬದಲಾದ ಕತೆ, ಮೂರು ಬಗೆ

ಗಂಡನ ರುಂಡ ಇನ್ನೊಬ್ಬನ ಮುಂಡಕ್ಕೆ, ಆ ಇನ್ನೊಬ್ಬನ ರುಂಡ ಗಂಡನ ಮುಂಡಕ್ಕೆ ಅಂಟಿಕೊಂಡರೆ ಇಬ್ಬರಲ್ಲಿ ಗಂಡ ಯಾರು? ಬೇತಾಳ ಕೇಳಿದ ಈ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಅಂಗಗಳಲ್ಲಿ ತಲೆಯೇ ಮುಖ್ಯ, ಗಂಡನ ತಲೆ ಯಾರಿಗಿದೆಯೋ ಅವನೇ ಗಂಡ ಎಂದು ರಾಜ ಉತ್ತರಿಸುತ್ತಾನೆ. ಬೇತಾಳ ಹಾರಿಹೋಗುತ್ತದೆ. ಕತೆ ಅಲ್ಲಿಗೆ ಮುಗಿಯಿತು.

11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ‘ಕಥಾಸರಿತ್ಸಾಗರ’ದಲ್ಲಿ ಆ ಇನ್ನೊಬ್ಬ ಬೇರೆ ಯಾರೂ ಅಲ್ಲ, ಹೆಂಡತಿಯ ಒಡಹುಟ್ಟಿದವನು. ಅವನ ಮುಖ ಹೊತ್ತವನ ಜೊತೆ ಆಕೆ ಸಂಸಾರ ಮಾಡುವ ಮಾತೇ ಏಳುವುದಿಲ್ಲ. ರಾಜನ ತೀರ್ಪು ಸಲೀಸಾಗಿ ಬರುತ್ತದೆ. 1940ರಲ್ಲಿ ಜರ್ಮನ್ ಲೇಖಕ ಥಾಮಸ್ ಮಾನ್ ಇದೇ ಕತೆಯನ್ನು ಕೈಗೆತ್ತಿಕೊಂಡಾಗ ಒಡಹುಟ್ಟಿದವನ ಜಾಗದಲ್ಲಿ ಗಂಡನ ಗೆಳೆಯನನ್ನು ನಿಲ್ಲಿಸಿದರು. ಒಂದು ಪಾತ್ರದ ನಂಟು ಬದಲಾಯಿತು, ಇಡೀ ಕತೆಯ ಉಸಿರೇ ಬದಲಾಯಿತು. ಈಗ ಆ ಹೆಣ್ಣಿಗೆ ಒಬ್ಬನ ಬುದ್ಧಿಯೂ ಬೇಕು, ಇನ್ನೊಬ್ಬನ ಕಸುವೂ ಬೇಕು. ಆಕೆ ತಲೆಗಳನ್ನು ಅದಲುಬದಲಾಗಿ ಜೋಡಿಸಿದ್ದು ಗಡಿಬಿಡಿಯಲ್ಲೋ, ಒಳಗಿನ ಆಸೆಯಿಂದಲೋ? ತೀರ್ಪಿನ ನಂತರವೂ ಕತೆ ನಿಲ್ಲದೆ ಮುಂದುವರಿಯುತ್ತದೆ. ತಲೆಗೆ ತಕ್ಕಂತೆ ಮೈ ಮಾರ್ಪಡುತ್ತ ಹೋಗಿ ಹಳೆಯ ಅತೃಪ್ತಿ ಮತ್ತೆ ಮನೆ ಹೊಗುತ್ತದೆ.

ಗಿರೀಶ ಕಾರ್ನಾಡರ ‘ಹಯವದನ’ (1971) ಹುಟ್ಟಿದ್ದು ಇವೆರಡರ ಬೆನ್ನಲ್ಲಿ. ದೇವದತ್ತ, ಕಪಿಲ, ಪದ್ಮಿನಿಯರ ತ್ರಿಕೋನಕ್ಕೆ ಮಾನ್ ಅವರ ಋಣ ಎದ್ದು ಕಾಣುತ್ತದೆ. ಆದರೆ ನಾಟಕ ಶುರುವಾಗುವುದೇ ಗಣಪತಿ ಪೂಜೆಯಿಂದ. ಆನೆಯ ತಲೆ, ಮನುಷ್ಯನ ಮೈ, ಆದರೂ ಪೂರ್ಣನೆಂದು ಪೂಜೆಗೊಳ್ಳುವ ದೇವರು! ಬಯಲಾಟದಿಂದ ಬಂದ ಭಾಗವತ ಕತೆ ಹೇಳತೊಡಗುವಷ್ಟರಲ್ಲಿ ಕುದುರೆ ಮೋರೆಯ ಹಯವದನ ನುಗ್ಗಿ, ತನ್ನನ್ನು ಪೂರ್ಣನಾಗಿಸಿ ಎಂದು ಗೋಳಿಡುತ್ತಾನೆ. ಈ ಹಯವದನ ಬೇತಾಳನ ಕತೆಯಲ್ಲೂ ಇಲ್ಲ, ಮಾನ್ ಅವರಲ್ಲೂ ಇಲ್ಲ, ಕಾರ್ನಾಡರದೇ ಸೃಷ್ಟಿ. ಕಾಳಿ ಅವನಿಗೆ ಒಲಿಯುತ್ತಾಳೆ, ಅವನು ಪೂರ್ಣ ಕುದುರೆಯಾಗುತ್ತಾನೆ. ಮನುಷ್ಯನ ದನಿಯೊಂದು ಮಾತ್ರ ಉಳಿದುಬಿಡುತ್ತದೆ. ಪದ್ಮಿನಿಯ ಮನಸ್ಸಿನೊಳಗನ್ನು ಅವಳ ಬಾಯಿಂದ ಹೇಳಿಸುವ ಬದಲು ಎರಡು ಗೊಂಬೆಗಳಿಂದ ಆಡಿಸಿದ್ದು ಇನ್ನೊಂದು ದಿಟ್ಟ ಆಯ್ಕೆ. ಕಾದಂಬರಿ ಪುಟಗಟ್ಟಲೆ ವಿವರಿಸಬೇಕಾದ್ದನ್ನು ಗೊಂಬೆಗಳ ಚಾಡಿ ಮಾತು ಕ್ಷಣದಲ್ಲಿ ತೋರಿಸುತ್ತದೆ. ರಂಗಭೂಮಿ ಬಲ್ಲವರಿಗಷ್ಟೇ ಹೊಳೆಯುವ ಉಪಾಯವಿದು.

ಹೀಗೆ ಹಳೆಯ ಕತೆಯನ್ನು ಬದಲಿಸುವಾಗ ಮೂಲವನ್ನು ಮುಟ್ಟಲೇಬಾರದು ಎನ್ನುವವರಿಗೆ ನಮ್ಮ ಆದಿಕವಿಯೇ ಉತ್ತರ. ವೇಮುಲವಾಡದ ಅರಸ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ 941ರ ಸುಮಾರಿಗೆ ಮಹಾಭಾರತದ ಕತೆಯನ್ನು ‘ವಿಕ್ರಮಾರ್ಜುನ ವಿಜಯ’ವಾಗಿ ಬರೆದ ಪಂಪ, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಕೊನೆಗೆ ಪಟ್ಟವೇರುವವನು ಧರ್ಮರಾಯನಲ್ಲ, ಸುಭದ್ರೆಯೊಡನೆ ಅರ್ಜುನ. ಆದರೆ ತುಂಬಿದ ಸಭೆಯಲ್ಲಿ ದ್ರೌಪದಿಗಾಗಿ ಭೀಮನೇ ಸಿಡಿದೆದ್ದು ಪ್ರತಿಜ್ಞೆ ಮಾಡುತ್ತಾನೆ. ಮೂಲದಲ್ಲಿ ಐವರ ಹೆಂಡತಿಯಾಗಿದ್ದಾಗ ಸಹಜವಾಗಿದ್ದ ಆ ರೋಷ, ಕೈಹಿಡಿದ ಅರ್ಜುನ ಅಲ್ಲೇ ಇರುವಾಗ ತುಸು ತೊಡಕೆನಿಸುತ್ತದೆ. ಒಂದು ಗಂಟು ಬಿಚ್ಚಿದ ಕವಿ ಅದಕ್ಕೆ ಹೆಣೆದುಕೊಂಡ ಎಳೆಗಳನ್ನೆಲ್ಲ ಸರಿಪಡಿಸಲಿಲ್ಲ. ಪಂಪನಂಥ ಮಹಾಕವಿಗೂ ಈ ಕೆಲಸ ಸುಲಭವಿರಲಿಲ್ಲ.

ಕಾರ್ನಾಡರು ಗೆದ್ದದ್ದು ಇಲ್ಲೇ. ತಲೆಯೇ ಪ್ರಧಾನವೆಂಬ ಉತ್ತರವನ್ನು ಅನುಮಾನಿಸಿದ ಮೇಲೆ ಅವರು ಹಿಂದೆಗೆಯಲಿಲ್ಲ. ಇಬ್ಬರು ಗೆಳೆಯರು ಕಾದಾಡಿ ಸಾಯುತ್ತಾರೆ, ಪದ್ಮಿನಿ ಚಿತೆಯೇರುತ್ತಾಳೆ, ನಗುವನ್ನೇ ಮರೆತ ಮಗುವೊಂದು ಉಳಿಯುತ್ತದೆ. ಆ ಮಗು ಹಯವದನನನ್ನು ಕಂಡು ನಕ್ಕಾಗ ಎರಡು ಕತೆಗಳೂ ಒಂದಾಗುತ್ತವೆ.

ಬೇತಾಳನ ಆ ಪುಟ್ಟ ಕತೆಯನ್ನೂ ‘ಹಯವದನ’ವನ್ನೂ ಒಟ್ಟಿಗೆ ಓದಿ ನೋಡಿ. ಒಂದು ಸಂಜೆ ಸಾಕು.