ಯಂತ್ರದ ನೋಟ ಮತ್ತು ಅದರ ಪರೀಕ್ಷೆ

ಯಂತ್ರಕ್ಕೆ ಕಣ್ಣುಂಟೇ ಎಂದು ಕೇಳಿದರೆ ಇಂದು ಎಲ್ಲರೂ ಕ್ಯಾಮೆರಾವನ್ನು ತೋರಿಸುತ್ತಾರೆ. ಆದರೆ ಕ್ಯಾಮೆರಾ ನೋಡುವುದಿಲ್ಲ; ಬೆಳಕನ್ನು ಹಿಡಿದಿಡುತ್ತದೆ, ಅಷ್ಟೆ. ಯಂತ್ರದ ಪಾಲಿಗೆ ಚಿತ್ರವೆಂಬುದು ಬರಿಯ ಅಂಕಿಗಳ ಸಾಲು. ಆ ಅಂಕಿಗಳಿಂದ ಇದು ಬಸ್ಸು, ಇದು ಮರದ ನೆರಳು ಎಂದು ಬಿಡಿಸಿ ತಿಳಿಯುವುದೇ ನೋಟ. ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಬೆಳಕು ಪ್ರತ್ಯಕ್ಷ, ವಸ್ತು ಅನುಮಾನ. ಅನುಮಾನವೆಂದ ಮೇಲೆ ತಪ್ಪುವ ಸಂಭವವೂ ಉಂಟು.

1966ರ ಬೇಸಗೆಯಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವಿದ್ವಾಂಸರು ಒಂದೇ ರಜೆಯಲ್ಲಿ ಇಂಥ ದೃಷ್ಟಿವ್ಯವಸ್ಥೆಯ ಗಣ್ಯ ಭಾಗವನ್ನು ಕಟ್ಟಲು ಹೊರಟರು. ಆ ಕೆಲಸ ಇಂದಿಗೂ ಪೂರ್ತಿಯಾಗಿಲ್ಲ. ಅದಕ್ಕೆ ಬಾಳನ್ನು ಮೀಸಲಿಟ್ಟವರಲ್ಲಿ ನಮ್ಮ ಬೆಂಗಳೂರು ವಿಶ್ವವಿದ್ಯಾನಿಲಯದಿಂದ 1968ರಲ್ಲಿ ಇಂಜಿನಿಯರಿಂಗ್ ಪದವಿ ಪಡೆದ ರಂಗಾಚಾರ್ ಕಸ್ತೂರಿ ಅವರೂ ಒಬ್ಬರು. ಪದವಿಯ ತರುವಾಯ ಭಾರತದಲ್ಲಿಯೇ ಇಂಜಿನಿಯರಾಗಿ ದುಡಿದು, 1982ರಲ್ಲಿ ಟೆಕ್ಸಾಸ್ ಟೆಕ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದರು. ಅನಂತರ ಪೆನ್ಸಿಲ್ವೇನಿಯಾದಲ್ಲಿಯೂ ಫ್ಲಾರಿಡಾದಲ್ಲಿಯೂ ಪ್ರಾಧ್ಯಾಪಕರಾದರು. ಯಂತ್ರದೃಷ್ಟಿಯನ್ನು ಕುರಿತು ಇತರ ಇಬ್ಬರೊಡನೆ ಅವರು ಬರೆದ ಪಠ್ಯಪುಸ್ತಕ 1995ರಲ್ಲಿ ಹೊರಬಂದಿತು.

ವಿಮಾನದ ದಾರಿಯಲ್ಲಿ ಎದುರಾಗುವ ಅಡ್ಡಿಯನ್ನು ಕ್ಯಾಮೆರಾದಿಂದ ಕಂಡುಹಿಡಿಯುವುದು ಅವರ ತಂಡ ಕೈಗೊಂಡ ಸಮಸ್ಯೆಗಳಲ್ಲೊಂದು. ಇದರ ತತ್ತ್ವವನ್ನು ನಮ್ಮ ಸುದ್ದಗುಂಟೆಪಾಳ್ಯದಿಂದ ಬನ್ನೇರುಘಟ್ಟ ರಸ್ತೆಗೆ ಬಂದು ನಿಲ್ಲುವವರೆಲ್ಲರೂ ಬಲ್ಲರು. ಬರುವ ಬಸ್ಸು ನಮ್ಮ ದೃಷ್ಟಿಯಲ್ಲಿ ಎಡಕ್ಕೋ ಬಲಕ್ಕೋ ಸರಿಯುತ್ತಿದ್ದರೆ ಅದು ಪಕ್ಕದಲ್ಲಿ ಹಾದುಹೋಗುತ್ತದೆ. ಸರಿಯದೆ, ಇದ್ದಲ್ಲಿಯೇ ಇದ್ದಂತೆ ಕಾಣುತ್ತ ದೊಡ್ಡದಾಗುತ್ತಿದ್ದರೆ ಅದು ನಮ್ಮ ಮೇಲೆಯೇ ಬರುತ್ತಿದೆ! ಆಕಾಶದಲ್ಲಿಯೂ ಹೀಗೆಯೇ. ಚಲನೆಯಿಂದ ವಸ್ತುವನ್ನು ಗುರುತಿಸುವುದು ಸುಲಭ; ಆದರೆ ಅತ್ಯಂತ ಅಪಾಯಕಾರಿಯಾದ ವಿಮಾನವೇ ಚಿತ್ರದಲ್ಲಿ ಅಲುಗದ ಮಸುಕು ಚುಕ್ಕೆ. ಇದಕ್ಕೊಂದು ಉಪಾಯವೆಂದರೆ, ಒಂದಾದ ಮೇಲೊಂದರಂತೆ ತೆಗೆದ ಅನೇಕ ಚಿತ್ರಗಳನ್ನು ಕೂಡಿಸುವುದು. ಸುಳ್ಳು ಚುಕ್ಕೆಗಳು ಚಿತ್ರದಿಂದ ಚಿತ್ರಕ್ಕೆ ಬದಲಾಗಿ ಅಳಿಸಿಹೋಗುತ್ತವೆ. ನಿಜವಾದ ಚುಕ್ಕೆ ಉಳಿದು ಎದ್ದು ಕಾಣುತ್ತದೆ.

ಯಂತ್ರವು ‘ಕಂಡೆ’ ಎಂದೊಡನೆ ನಂಬಬಹುದೇ? ಕಸ್ತೂರಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇದಕ್ಕೆ ಒರೆಗಲ್ಲನ್ನು ಒದಗಿಸಿತು. ಮೊದಲು ಮನುಷ್ಯರು ಚಲಚ್ಚಿತ್ರದಲ್ಲಿರುವ ಮುಖ, ಅಕ್ಷರ, ವಾಹನಗಳ ಸುತ್ತ ಚೌಕಗಳನ್ನು ಗುರುತು ಮಾಡಬೇಕು. ಯಂತ್ರ ಹಾಕಿದ ಚೌಕ ಅದರೊಡನೆ ಎಷ್ಟು ಹೊಂದುತ್ತದೆ, ಎಷ್ಟು ವಸ್ತುಗಳು ಕೈತಪ್ಪಿದವು, ಇಲ್ಲದ್ದನ್ನು ಎಷ್ಟು ಸಲ ಕಂಡಿತು ಎಂಬುದನ್ನು ಬಳಿಕ ಎಣಿಸಬೇಕು. ಈ ತಪ್ಪುಗಳೆರಡೂ ಒಂದೇ ಅಲ್ಲ. ವಿಮಾನವೊಂದು ಕಾಣದೆ ಹೋದರೆ ಪ್ರಾಣಹಾನಿ. ಸುಳ್ಳು ಎಚ್ಚರಿಕೆ ಹೆಚ್ಚಾದರೆ ಚಾಲಕನು ನಿಜವಾದ ಎಚ್ಚರಿಕೆಗೂ ಕಿವಿಗೊಡನು.

ಯಾವ ತಪ್ಪನ್ನು ಎಷ್ಟರಮಟ್ಟಿಗೆ ಸಹಿಸಬಹುದೆಂಬ ಪ್ರಶ್ನೆಗೆ ಗಣಿತವೊಂದೇ ಉತ್ತರಿಸಲಾರದು. ಚಾಲಕನಿಲ್ಲದ ಬಂಡಿ ನಮ್ಮ ಬೀದಿಗೆ ಬಂದ ದಿನ ಅದರ ಮುಂದೆ ರಸ್ತೆ ದಾಟುವವರು ನಾವೇ. ಆದುದರಿಂದ ತರ್ಕ, ನೀತಿ, ಸಮಾಜಶಾಸ್ತ್ರಗಳನ್ನು ಓದುವ ನಾವು ಈ ವಿಚಾರವನ್ನು ವಿಜ್ಞಾನದ ವಿದ್ಯಾರ್ಥಿಗಳಿಗೇ ಬಿಟ್ಟು ಸುಮ್ಮನಿರುವುದು ತರವಲ್ಲ.