ಬಚ್ಚಲ ಒಲೆಗೆ ಕಸ ಹಾಕುವ ಮುನ್ನ

ಕರಾವಳಿಯ ಎಷ್ಟೋ ಮನೆಗಳಲ್ಲಿ ಈಗಲೂ ಸ್ನಾನದ ನೀರು ಕಾಯುವುದು ಬಚ್ಚಲ ಒಲೆಯ ಹಂಡೆಯಲ್ಲೇ. ತೆಂಗಿನ ಗರಿ, ಗೆರಟೆ, ಅಡಿಕೆ ಸಿಪ್ಪೆ ಉರಿಸಿ ನೀರು ಕಾಯಿಸುವುದು ಹಿಂದಿನಿಂದ ಬಂದ ಕ್ರಮ. ಆದರೆ ಈಗ ಅದೇ ಒಲೆಗೆ ಶ್ಯಾಂಪೂವಿನ ಖಾಲಿ ಸ್ಯಾಶೆ, ಪೇಸ್ಟಿನ ಟ್ಯೂಬು, ಹಳೆಯ ಬ್ರಶ್ಶು, ಮದರಂಗಿಯ ಕೋನು, ಮಗುವಿನ ಡಯಾಪರ್, ಬಳಸಿದ ಪ್ಯಾಡ್ ಎಲ್ಲವೂ ಸೇರುತ್ತಿವೆ. ಹೊರಗೆ ಎಸೆದರೆ ನಾಯಿ ಎಳೆಯುತ್ತದೆ, ಯಾರಾದರೂ ನೋಡುತ್ತಾರೆ ಎಂಬ ಸಂಕೋಚ. ಸುಟ್ಟರೆ ಮುಗಿಯಿತಲ್ಲ ಎಂಬ ಸಮಾಧಾನ.

ಸುಟ್ಟರೆ ಮುಗಿಯುವುದಿಲ್ಲ. ಮಕ್ಕಳಿಗೆ ಕೆಮ್ಮು ಬಿಡುತ್ತಿಲ್ಲ ಎಂದು ಬರುವ ತಾಯಂದಿರಲ್ಲಿ ನಾನು ಊಟ, ನಿದ್ರೆಯ ಜೊತೆಗೆ ‘ಬಚ್ಚಲ ಒಲೆಗೆ ಏನೇನು ಹಾಕುತ್ತೀರಿ?’ ಎಂದೂ ಕೇಳುತ್ತೇನೆ. ಹಲವರಿಗೆ ಈ ಪ್ರಶ್ನೆ ವಿಚಿತ್ರವೆನಿಸುತ್ತದೆ. ಆದರೆ ಯುನಾನಿ ವೈದ್ಯಶಾಸ್ತ್ರದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಹೇಳುವಾಗ ಮೊದಲು ಬರುವುದೇ ಗಾಳಿ. ಆಹಾರ ಮತ್ತು ಪಾನೀಯಕ್ಕೆ ಅದರ ನಂತರದ ಸ್ಥಾನ. ಊಟವನ್ನು ಆರಿಸಿ ಉಣ್ಣಬಹುದು, ಆದರೆ ಮನೆಯೊಳಗಿನ ಗಾಳಿಯನ್ನು ಆರಿಸಿ ಉಸಿರಾಡಲು ಸಾಧ್ಯವಿಲ್ಲ.

ಹೊಗೆಯಲ್ಲಿ ಏನಿದೆ?

ಕಟ್ಟಿಗೆಯ ಹೊಗೆಯೇ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಪ್ಲಾಸ್ಟಿಕ್ ಸೇರಿದರೆ ಅದು ಇನ್ನಷ್ಟು ಕೆಡುತ್ತದೆ. ಸ್ಯಾಶೆಗಳು ಒಂದರ ಮೇಲೊಂದು ಅಂಟಿಸಿದ ಹಲವು ಪದರಗಳಿಂದ ಆದವು. ಪೇಸ್ಟಿನ ಟ್ಯೂಬುಗಳಲ್ಲಿ ಕೆಲವಕ್ಕೆ ಪ್ಲಾಸ್ಟಿಕ್ ಪದರಗಳ ನಡುವೆ ತೆಳುವಾದ ಅಲ್ಯೂಮಿನಿಯಂ ಹಾಳೆ ಇರುತ್ತದೆ. ಪ್ಯಾಡ್ ಮತ್ತು ಡಯಾಪರ್‌ಗಳಲ್ಲಿ ಪ್ಲಾಸ್ಟಿಕ್ ಹೊದಿಕೆಯೂ ನೀರು ಹೀರುವ ರಾಸಾಯನಿಕ ಜೆಲ್ಲೂ ಇರುತ್ತವೆ. ಕಸ ಸುಡುವ ಯಂತ್ರಗಳು 800 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಕೆಲಸ ಮಾಡುತ್ತವೆ, ಅವುಗಳ ಹೊಗೆಯನ್ನು ಶೋಧಿಸುವ ವ್ಯವಸ್ಥೆಯೂ ಇರುತ್ತದೆ. ನಮ್ಮ ಒಲೆಯಲ್ಲಿ ಆ ಶಾಖವೂ ಇಲ್ಲ, ಶೋಧಕವೂ ಇಲ್ಲ. ಒದ್ದೆ ಪ್ಯಾಡ್ ಅರ್ಧಂಬರ್ಧ ಬೆಂದು ದಟ್ಟ ಹೊಗೆ ಕಾರುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಅತಿ ಸೂಕ್ಷ್ಮ ಕಣಗಳಿರುತ್ತವೆ. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ. ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಒಲೆಯ ಮುಂದೆ ಕೂತು ಊದುವವರು ಸಾಮಾನ್ಯವಾಗಿ ಮನೆಯ ಹೆಂಗಸರು. ಪಕ್ಕದಲ್ಲೇ ಮಕ್ಕಳು. ಗರ್ಭಿಣಿಯರು ಮತ್ತು ದಮ್ಮು ಇರುವ ಹಿರಿಯರಿಗೆ ಈ ಹೊಗೆ ಎಲ್ಲರಿಗಿಂತ ಹೆಚ್ಚು ಅಪಾಯಕಾರಿ. ಉಳಿದ ಬೂದಿಯನ್ನು ನಾವು ಬಸಳೆ ಚಪ್ಪರದ ಬುಡಕ್ಕೆ ಹಾಕುತ್ತೇವೆ. ಒಲೆಗೆ ಹಾಕಿದ್ದರ ಶೇಷ ಹೀಗೆ ತರಕಾರಿಯ ಮಣ್ಣಿಗೂ ಸೇರುತ್ತದೆ. ಇನ್ನೊಂದು ಮಾತು: ಘನತ್ಯಾಜ್ಯ ನಿಯಮಗಳ ಪ್ರಕಾರ ಮನೆಯವರು ಕಸ ಸುಡುವಂತಿಲ್ಲ.

ಹಾಗಾದರೆ ಮಾಡುವುದೇನು? ಮೊದಲು ಕಸ ಹುಟ್ಟದಂತೆ ನೋಡಿಕೊಳ್ಳಬೇಕು. ಹುಟ್ಟಿದ್ದನ್ನು ಸರಿಯಾದ ಕೈಗೆ ಕೊಡಬೇಕು.

ಹಲ್ಲು

ನಾಲ್ವರ ಮನೆಯಲ್ಲಿ ಮೂರು ತಿಂಗಳಿಗೊಮ್ಮೆ ಬ್ರಶ್ ಬದಲಿಸಿದರೆ ವರ್ಷಕ್ಕೆ 16 ಬ್ರಶ್ಶುಗಳು ಕಸಕ್ಕೆ ಬೀಳುತ್ತವೆ. ಮಿಸ್ವಾಕ್ ನಮಗೆ ಹೊಸದಲ್ಲ. ಪೀಲು ಮರದ ಆ ಕಡ್ಡಿ ಬಳಸಿ ಬಿಟ್ಟರೆ ಮಣ್ಣಿಗೇ ಸೇರುತ್ತದೆ. ಆದರೆ ಬಳಸುವ ಕ್ರಮ ಗೊತ್ತಿರಬೇಕು. ತುದಿಯ ಸಿಪ್ಪೆ ಅರ್ಧ ಇಂಚು ತೆಗೆದು, ಎಳೆಗಳು ಮೆತ್ತಗಾಗುವವರೆಗೆ ಜಗಿದು, ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಮೃದುವಾಗಿ ಉಜ್ಜಬೇಕು. ಎಳೆಗಳು ಸವೆದ ಮೇಲೆ ಆ ಭಾಗ ಕತ್ತರಿಸಿ ಹೊಸ ತುದಿ ಮಾಡಿಕೊಳ್ಳಬೇಕು. ಒಣಗಿ ಗಟ್ಟಿಯಾದ ಕಡ್ಡಿಯಿಂದ ಒರಟಾಗಿ ತಿಕ್ಕಿದರೆ ಒಸಡು ಸವೆಯುತ್ತದೆ.

ಮಕ್ಕಳ ಫ್ಲೋರೈಡ್ ಪೇಸ್ಟನ್ನು ಮಾತ್ರ ನಿಲ್ಲಿಸಬೇಡಿ. ಹುಳುಕು ತಡೆಯಲು ಅದು ಬೇಕು. ಆದರೆ ಜಾಹೀರಾತಿನಲ್ಲಿ ತೋರಿಸುವಂತೆ ಬ್ರಶ್ಶಿನ ಉದ್ದಕ್ಕೂ ಹಚ್ಚಬೇಕಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಸಾಕು. ಹೀಗೆ ಮಾಡಿದರೆ ಟ್ಯೂಬು ಹಲವು ಪಟ್ಟು ಹೆಚ್ಚು ದಿನ ಬಾಳುತ್ತದೆ. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು–ನಿಂಬೆರಸದಿಂದ ಹಲ್ಲುಜ್ಜುವುದು ಬೇಡ. ಹಲ್ಲಿನ ಹೊರಪದರ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ.

ಕೂದಲು, ಮೈ

ಶ್ಯಾಂಪೂ ಸ್ಯಾಶೆ ನಮ್ಮ ದೇಶದಲ್ಲಿ ಮನೆಮಾತಾದದ್ದು 1980ರ ದಶಕದಲ್ಲಿ. ಒಂದು ರೂಪಾಯಿಗೆ ಸಿಗುವಾಗ ಬಡವರಿಗೂ ಅನುಕೂಲವೇ. ಆದರೆ ಅದರ ಖಾಲಿ ಹೊದಿಕೆಯನ್ನು ಗುಜರಿಯವರು ಕೊಳ್ಳುವುದಿಲ್ಲ. ಪದರಗಳನ್ನು ಬೇರ್ಪಡಿಸಲಾಗದ ಕಾರಣ ಅದಕ್ಕೆ ಬೆಲೆಯಿಲ್ಲ. ಆದಷ್ಟು ದೊಡ್ಡ ಬಾಟಲಿ ಕೊಂಡು, ಪುಟ್ಟ ಲೋಟದಲ್ಲಿ ನೀರು ಬೆರೆಸಿ ಬಳಸಿ. ವಾರಕ್ಕೊಮ್ಮೆಯಾದರೂ ದಾಸವಾಳದ ಎಲೆಯ ಲೋಳೆ ಅಥವಾ ಸೀಗೆಪುಡಿ ಬಳಸಬಹುದು. ಸೀಗೆ, ಅಂಟುವಾಳ ಕಣ್ಣಿಗೆ ಬೀಳದಂತೆ ಜಾಗ್ರತೆ ಇರಲಿ. ಮೈಗೆ ಬಾಟಲಿಯ ದ್ರವ ಸಾಬೂನಿಗಿಂತ ಬಿಲ್ಲೆ ಸಾಬೂನೇ ಸಾಕು. ತೂತಿರುವ ಪೆಟ್ಟಿಗೆಯಲ್ಲಿಟ್ಟರೆ ಅದು ಕರಗಿ ಪೋಲಾಗುವುದಿಲ್ಲ.

ಈದ್, ಮದುವೆಗೆ ಕೋನು ತರುವ ಮೊದಲು ಹಿತ್ತಲ ಮದರಂಗಿ ಗಿಡವನ್ನು ನೆನೆಯಿರಿ. ಕೆಲವು ನಿಮಿಷಗಳಲ್ಲೇ ಕಡುಕಪ್ಪು ಬಣ್ಣ ಬರುವ ಕೋನುಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುವ ಸಾಧ್ಯತೆ ಹೆಚ್ಚು. ಅದರಿಂದ ಚರ್ಮ ಬೊಬ್ಬೆಯೇಳಬಹುದು. ಅಪ್ಪಟ ಮದರಂಗಿ ಕೆಂಪಾಗುತ್ತದೆ, ಅದಕ್ಕೆ ಗಂಟೆಗಳೂ ಬೇಕು.

ತಿಂಗಳ ದಿನಗಳು

ಇದನ್ನು ಬರೆಯಲು ಸಂಕೋಚಪಟ್ಟರೆ ಲೇಖನ ಅಪೂರ್ಣವಾಗುತ್ತದೆ. ತಿಂಗಳಿಗೆ 10 ಪ್ಯಾಡ್ ಎಂದಿಟ್ಟುಕೊಂಡರೂ ಒಬ್ಬಳಿಗೆ ವರ್ಷಕ್ಕೆ 120. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಿದ್ದರೆ 360. ಶುಭ್ರವಾದ ಹತ್ತಿಯ ಬಟ್ಟೆ ಅಥವಾ ಹೊಲಿದ ಬಟ್ಟೆ ಪ್ಯಾಡ್ ಒಳ್ಳೆಯ ಪರ್ಯಾಯ. ಆದರೆ ಒಂದು ಷರತ್ತಿದೆ: ತಣ್ಣೀರಿನಲ್ಲಿ ನೆನೆಸಿ, ಸಾಬೂನಿನಿಂದ ಒಗೆದು, ಬಿಸಿಲಿಗೆ ಪೂರ್ತಿ ಒಣಗಿಸಬೇಕು. ನಾಚಿಕೆಯಿಂದ ಮಂಚದಡಿ, ಬಾಗಿಲ ಮರೆಯಲ್ಲಿ ಒಣಹಾಕಿದ ಬಟ್ಟೆಯ ತೇವವೇ ತುರಿಕೆಗೆ, ಸೋಂಕಿಗೆ ದಾರಿ. ಮಗಳು ಟೆರೇಸಿನ ಹಗ್ಗಕ್ಕೆ ಬಟ್ಟೆ ಹಾಕಲು ಹಿಂಜರಿಯದಂತೆ ನೋಡಿಕೊಳ್ಳುವುದು ತಾಯಿಯ ಕೆಲಸ ಮಾತ್ರವಲ್ಲ, ತಂದೆ ಮತ್ತು ಅಣ್ಣಂದಿರದ್ದೂ ಹೌದು. ಮಳೆಗಾಲದಲ್ಲಿ ಬಿಸಿ ಇಸ್ತ್ರಿ ಹಾಕಿ. ಅದೂ ಆಗದಿದ್ದರೆ ಹಸಿ ಬಟ್ಟೆಗಿಂತ ಅಂಗಡಿಯ ಪ್ಯಾಡೇ ವಾಸಿ. ಕಸ ಉಳಿಸಲು ಹೋಗಿ ಆರೋಗ್ಯ ಕಳೆದುಕೊಳ್ಳಬಾರದು.

ಡಯಾಪರಿಗೂ ಇದೇ ಮಾತು. ಮನೆಯಲ್ಲಿರುವ ಹಗಲಿಗೆ ಬಟ್ಟೆ, ಪ್ರಯಾಣಕ್ಕೆ, ರಾತ್ರಿಗೆ ಡಯಾಪರ್ ಎಂದು ಹಂಚಿಕೊಂಡರೂ ಕಸ ಅರ್ಧಕ್ಕಿಳಿಯುತ್ತದೆ. ಎಸೆಯುವ ಮೊದಲು ಮಲವನ್ನು ಶೌಚಕ್ಕೆ ಹಾಕಿಬಿಡಿ. ಪ್ಯಾಡನ್ನಾಗಲಿ ಡಯಾಪರನ್ನಾಗಲಿ ಶೌಚಗುಂಡಿಗೆ ಎಸೆಯಬೇಡಿ. ಜೆಲ್ ಉಬ್ಬಿ ಕೊಳವೆ ಕಟ್ಟುತ್ತದೆ.

ನೀರೂ ಲೆಕ್ಕಕ್ಕಿದೆ

ಪ್ರವಾದಿಯವರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ, ಒಂದು ಸಾಅ್ ನೀರಿನಲ್ಲಿ ಸ್ನಾನ ಮಾಡುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಮುದ್ದ್ ಎಂದರೆ ಎರಡೂ ಕೈ ಸೇರಿಸಿದ ಬೊಗಸೆಯಷ್ಟು, ಸಾಅ್ ಎಂದರೆ ಅದರ ನಾಲ್ಕರಷ್ಟು. ಒಂದು ದಿನ ನಿಮ್ಮ ನಲ್ಲಿಯ ಕೆಳಗೆ ಬಕೆಟ್ ಇಟ್ಟು ವುಝೂ ಮಾಡಿ ನೋಡಿ. ಬಕೆಟ್‌ನಲ್ಲಿ 8 ಲೀಟರ್ ತುಂಬಿದರೆ ಐದು ಹೊತ್ತಿಗೆ 40 ಲೀಟರ್ ಆಯಿತು. ಚೊಂಬಿನಲ್ಲಿ ಮಾಡಿದರೆ 5 ಲೀಟರಿನಲ್ಲಿ ಮುಗಿಯುತ್ತದೆ.

ಕೊಡುವುದು ಎಲ್ಲಿಗೆ?

ಬಚ್ಚಲಲ್ಲಿ ಒಂದು ಚೀಲ ತೂಗುಹಾಕಿ. ಖಾಲಿ ಬಾಟಲಿ, ಟ್ಯೂಬು, ಸ್ಯಾಶೆಗಳನ್ನು ತೊಳೆದು ಒಣಗಿಸಿ ಅದರಲ್ಲಿ ಹಾಕಿ ಪಂಚಾಯತಿನ ಸ್ವಚ್ಛ ವಾಹಿನಿಗೆ ಅಥವಾ ಪುರಸಭೆಯ ವಾಹನಕ್ಕೆ ಕೊಡಿ. ಪ್ಯಾಡ್, ಡಯಾಪರ್‌ಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಬ್ಲೇಡುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಡಿ. ಕಸ ಬೇರ್ಪಡಿಸುವ ಕೈಗಳೂ ಒಬ್ಬ ತಾಯಿಯ, ಒಬ್ಬ ಸಹೋದರಿಯ ಕೈಗಳೇ. ವಾಹನ ಬಾರದ ಕಡೆ ನಾಲ್ಕು ಮನೆಯವರು ಸೇರಿ ಗ್ರಾಮಸಭೆಯಲ್ಲಿ ಕೇಳಿ.

ಎಲ್ಲವನ್ನೂ ಒಂದೇ ದಿನ ಬದಲಿಸುವುದು ಕಷ್ಟ. ಮೊದಲ ತಿಂಗಳು ಒಂದನ್ನೇ ಮಾಡಿ: ಪ್ಲಾಸ್ಟಿಕ್, ಪ್ಯಾಡ್, ಡಯಾಪರ್ ಒಲೆಗೆ ಹೋಗುವುದನ್ನು ನಿಲ್ಲಿಸಿ. ಒಲೆಗೆ ಗರಿ, ಗೆರಟೆ ಸಾಕು.